ಸೊನ್ನೆ ಎಂಟಾದ ಕಥೆ

ಎಮ್ಮೆಯನ್ನು ಬೈಯುವಂತಿಲ್ಲ. ರಾಯಚೂರಿನ ತೀನ್ ಕಂದೀಲ್ ಸರ್ಕಲ್ ದಾಟಿದ ಮೇಲೆ ರಸ್ತೆಯ ನಡುವೆ ತನ್ನ ಪಾಡಿಗೆ ಮೆಲುಕು ಹಾಕುತ್ತ ನಿಂತಿತ್ತು. ಅದನ್ನು ತಪ್ಪಿಸಲು ಹೋಗಿ ಹಿಂದಿನ ಚಕ್ರವನ್ನು ಚರಂಡಿಯ ಕಲ್ಲಿಗೆ ಗುದ್ದಿಸಿದವನು ನಾನು. ನನಗೇನೂ ಆಗಲಿಲ್ಲ. ಅಪ್ಪನ ಕಾಲದ ಕರಿ ಸೈಕಲ್ಲು ಮಾತ್ರ ಅಂದಿನಿಂದ ಸುತ್ತಿಗೊಮ್ಮೆ ಮಡ್‌ಗಾರ್ಡಿಗೆ ಮೈ ಉಜ್ಜಿ ‘ಸರಕ್’ ಎನ್ನತೊಡಗಿತು.

“ರಿಮ್ಮು ಬೆಂಡಾಗಿದೆ, ಚಾಚಾನ ಅಂಗಡಿಗೆ ಒಯ್ಯಿರಿ” ಎಂದಳು ಹೆಂಡತಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವೃತ್ತ, ವ್ಯಾಸ, ಸ್ಪರ್ಶಕ ಎಂದು ಹೇಳಿಕೊಟ್ಟು ನಿವೃತ್ತನಾದವನು ಒಂದು ವೃತ್ತ ಸರಿಪಡಿಸಿಕೊಳ್ಳಲು ಇನ್ನೊಬ್ಬರ ಮುಂದೆ ನಿಲ್ಲುವುದೇ?

ತತ್ತ್ವವೇನೋ ನನಗೆ ಗೊತ್ತಿತ್ತು. ಇಂಥ ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಹಿಂದಿನ 40ರಲ್ಲಿ ಎಡಕ್ಕೆ 20, ಬಲಕ್ಕೆ 20 ನಿಂತು ರಿಮ್ಮನ್ನು ಹಗ್ಗಜಗ್ಗಾಟದಂತೆ ಎಳೆದು ಹಿಡಿದಿರುತ್ತವೆ. ರಿಮ್ಮು ಎಡಕ್ಕೆ ವಾಲಿದ ಕಡೆ ಬಲದ ಕಡ್ಡಿಯನ್ನು ಬಿಗಿದು, ಎಡದ್ದನ್ನು ಅಷ್ಟೇ ಸಡಿಲಿಸಬೇಕು. ತಿರುಗಿಸಬೇಕಾದದ್ದು ಕಡ್ಡಿಯನ್ನಲ್ಲ, ರಿಮ್ಮಿಗೆ ತಾಗಿ ಅದರ ತುದಿಯಲ್ಲಿ ಕೂತಿರುವ, ಭತ್ತದ ಕಾಳಿಗಿಂತ ತುಸು ದಪ್ಪನೆಯ, ನಾಲ್ಕು ಮುಖದ ನಿಪ್ಪಲ್ಲನ್ನು.

ಅಡುಗೆಮನೆಯ ಇಕ್ಕಳವನ್ನೇ ತಂದೆ. ಮೂರನೆಯ ತಿರುವಿಗೆ ನಾಲ್ಕು ಮುಖಗಳೂ ಸವೆದು ಚೌಕವಾಗಿದ್ದದ್ದು ದುಂಡಾಯಿತು. ದುಂಡಾಗಬೇಕಾಗಿದ್ದ ಚಕ್ರ ಹಾಗೆಯೇ ಇತ್ತು.

ಮರುದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಪ್ಪಲ್ ಪಾನಾ ಕೇಳಿದೆ. ಚಕ್ಕುಲಿಯಷ್ಟಗಲದ ಉಕ್ಕಿನ ಬಿಲ್ಲೆಯೊಂದನ್ನು ಕೊಟ್ಟರು. ಅದರ ಅಂಚಿನ ಸುತ್ತ ಸಂದುಗಳು, ಸಂದಿಗೊಂದು ಅಂಕಿ, 10ರಿಂದ 15ರವರೆಗೆ. ಲೆಕ್ಕದ ಮಾಸ್ತರನಾದ್ದರಿಂದ ಚಿಕ್ಕ ಅಂಕಿಯಿಂದ ಶುರು ಮಾಡಿದೆ. ಸಲೀಸಾಗಿ ಕೂತಿತು. ಅಷ್ಟು ಸಲೀಸಾಗಿ ಕೂರಬಾರದಿತ್ತು. ಆ ಅಂಕಿಗಳು ಕಡ್ಡಿಯ ತಂತಿಯ ಗೇಜು, ಅಂದರೆ ದಪ್ಪದ ಅಳತೆ; ಅದರಲ್ಲಿ ಅಂಕಿ ಹಿಗ್ಗಿದಂತೆ ತಂತಿ ಕುಗ್ಗುತ್ತದೆ: 10ರ ತಂತಿ ಮೂರು ಮಿಲಿಮೀಟರಿಗೂ ದಪ್ಪ, 14ರದ್ದು ಎರಡೇ. ಇದು ತಿಳಿಯುವಷ್ಟರಲ್ಲಿ ಇನ್ನೆರಡು ನಿಪ್ಪಲ್ಲುಗಳು ಬೋಳಾಗಿದ್ದವು. ಒತ್ತಿದರೆ ಮಾತ್ರ ಒಳಹೋಗುವ ಸಂದೇ ಸರಿಯಾದದ್ದೆಂದು ಆಮೇಲೆ ಗೊತ್ತಾಯಿತು.

ಚಕ್ರ ಕೂರಿಸಿ ತಿರುಗಿಸಲು ಸ್ಟ್ಯಾಂಡೇ ಸಿಗುತ್ತದೆ, ಕಳಿಸಲೇ ಎಂದು ಬೆಂಗಳೂರಿನಿಂದ ಮಗ ಕೇಳಿದ. ಬೆಲೆ ಕೇಳಿದವನೇ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿದೆ. ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಬಳಪ ಸಿಕ್ಕಿಸಿ ರಿಮ್ಮಿನ ಪಕ್ಕದ ಫ್ರೇಮಿನ ಕೊಳವೆಗೆ ಕಚ್ಚಿಸಿದೆ. ಚಕ್ರ ತಿರುಗಿದಾಗ ವಾಲಿದ ಜಾಗಕ್ಕೆ ಬಿಳಿ ಗೆರೆ ಬೀಳಬೇಕು. ಬಿತ್ತು ಕೂಡ. ಈ ಏರ್ಪಾಟಿನ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಇಣುಕಿ, “ಆಯುಧಪೂಜೆ ಇನ್ನೂ ದೂರ ಇದೆಯಲ್ಲಪ್ಪ ಮಾಸ್ತರ” ಎಂದರು.

ಎಡವಿದ್ದು ದಿಕ್ಕಿನಲ್ಲಿ. ನಿಪ್ಪಲ್ಲನ್ನು ಟೈರಿನ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗಿಸಿದಾಗ ಬಿಗಿಯಾಗುತ್ತದೆ. ಚಕ್ರದ ನಡುವಿನ ಹಬ್ಬಿನ ಕಡೆಯಿಂದ ನೋಡಿದರೆ ಅದೇ ತಿರುವು ಉಲ್ಟಾ ಕಾಣುತ್ತದೆ. ನಾನು ಒಮ್ಮೆ ನಿಂತು, ಒಮ್ಮೆ ಕೂತು, ಒಮ್ಮೆ ನೆಲಕ್ಕೆ ಕೆನ್ನೆ ತಾಗಿಸಿ ತಿರುಗಿಸಿದೆ. ಒಂದು ಸಲಕ್ಕೆ ಕಾಲು ಸುತ್ತು ಸಾಕಾದಲ್ಲಿ ಪೂರ್ತಿ ಸುತ್ತು ಕೊಟ್ಟೆ. ರಾಯಚೂರಿನ ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲಿಗೆ ಪಾನಾ ಬೆರಳು ಸುಡುತ್ತಿತ್ತು. ಒಗ್ಗರಣೆ ಮಿರ್ಚಿಯ ತಟ್ಟೆ ಹಿಡಿದು ಬಂದ ಹೆಂಡತಿ ಚಕ್ರವನ್ನು ನೋಡಿದಳು. “ಸೊನ್ನೆಯನ್ನು ಎಂಟು ಮಾಡಿದಿರಲ್ಲ!”

ಸಂಜೆ ಸೈಕಲ್ಲಿನ ಹಿಂಭಾಗವನ್ನು ಎತ್ತಿ ಹಿಡಿದು ನೂಕುತ್ತ ಹೊರಟೆ. ದಾರಿಯಲ್ಲಿ ಕೋಟೆ. 1294ರಲ್ಲಿ ಅದನ್ನು ಕಟ್ಟುವಾಗ 40 ಅಡಿಗೂ ಮೀರಿದ ಶಾಸನದ ಕಲ್ಲೊಂದನ್ನು ಕೋಣಗಳ ಸಾಲು ಹೂಡಿದ ಬಂಡಿಯಲ್ಲಿ ಎಳೆದು ತಂದ ಬಗೆಯನ್ನು ಗೋಡೆಯ ಮೇಲೆ ಗೀರಿದ್ದಾರೆ. ಆ ಬಂಡಿಯ ಚಕ್ರಗಳಿಗೆ ಕಡ್ಡಿಯೇ ಇಲ್ಲ, ಗಟ್ಟಿ ಬಿಲ್ಲೆಗಳು. ಬುದ್ಧಿವಂತರು.

ಚಾಚಾ ಚಕ್ರವನ್ನು ಒಮ್ಮೆ ತಿರುಗಿಸಿ, ತಂಬೂರಿ ಮೀಟಿದಂತೆ ನಾಲ್ಕು ಕಡ್ಡಿ ಮೀಟಿದರು. ಒಂದು ಟಿಣ್ ಎಂದಿತು, ಮೂರು ದಬ್ ಎಂದವು.

“ಇದಕ್ಕೆ ಯಾರು ಕೈ ಹಾಕಿದ್ದು, ಮಾಸ್ತರ್?”

“ಹಳೆಯ ಶಿಷ್ಯನೊಬ್ಬ. ಸ್ವಲ್ಪ ಮೊದ್ದು.”

ಅವರು ನನ್ನ ಬೆರಳಿಗೆ ಮೆತ್ತಿದ ಬಳಪವನ್ನು ನೋಡಿ ಸುಮ್ಮನಾದರು. ಟೈರು ಬಿಚ್ಚಿ ಸವೆದ ಮೂರು ನಿಪ್ಪಲ್ ಬದಲಿಸಿದರು. ನಂತರ ಡಬ್ಬಿಯಿಂದ ಪಾನಾ ತೆಗೆದರು. ನೋಡಿದರೆ ನನ್ನದರಂಥದ್ದೇ ಬಿಲ್ಲೆ! ಒಂದು ಸಂದು ಮಾತ್ರ ಫಳಫಳ ಹೊಳೆಯುತ್ತಿತ್ತು, ಉಳಿದವುಗಳಲ್ಲಿ ವರ್ಷಗಟ್ಟಲೆಯ ಗ್ರೀಸು ಗಟ್ಟಿಯಾಗಿತ್ತು. ಗುರುತಿಗೆ ಬಳಪವಿಲ್ಲ, ಕ್ಲಿಪ್ಪಿಲ್ಲ, ಎಡಗೈ ಹೆಬ್ಬೆರಳೊಂದೇ. ಅಲ್ಲೊಂದು ಕಾಲು ಸುತ್ತು, ಇಲ್ಲೊಂದು ಅರ್ಧಕ್ಕಿಂತ ಕಡಿಮೆ. ನಾನು ತರಿಸಿದ ಚಹಾ ಮುಗಿಯುವ ಹೊತ್ತಿಗೆ ಎಂಟು ಮತ್ತೆ ಸೊನ್ನೆಯಾಗಿತ್ತು.

“ನಿಮ್ಮ ಶಿಷ್ಯನ ಪಾನಾ ತಂದಿದ್ದೀರಾ?” ಎಂದು ಕೇಳಿದರು. ಜೇಬಿನಿಂದ ತೆಗೆದುಕೊಟ್ಟೆ. ತಿರುಗಿಸಿ ನೋಡಿ, “ಒಳ್ಳೆಯ ಮಾಲು” ಎಂದು ಮೆಚ್ಚಿ ತಮ್ಮ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. “ಇದು ಇಲ್ಲಿಯೇ ಇರಲಿ, ಮಾಸ್ತರ್.”

ಮನೆಯತ್ತ ಹೊರಟಾಗ ಸೈಕಲ್ಲು ತುಟಿಪಿಟಿಕ್ಕೆನ್ನಲಿಲ್ಲ. ತೀನ್ ಕಂದೀಲ್ ಹತ್ತಿರ ಮುಂದಿನ ಚಕ್ರ ಕೂದಲೆಳೆಯಷ್ಟು ಬಲಕ್ಕೆ ವಾಲಿದಂತೆ ಕಂಡಿತು. ಕೈ ತಾನಾಗಿಯೇ ಜೇಬಿಗೆ ಹೋಯಿತು.