ಮುಖ ಬರೆಯೋಕೆ ಮೂರು ಸಾವಿರ ಕೊಡಬೇಕಾ?

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಸಮ್ಮರ್ ಸೇಲ್ ಸಾಮಾನ್ಯವಾಗಿ ಶುರುವಾಗುವುದು ಜೂನ್ ಕೊನೆಗೆ. ನಮ್ಮ ಶಿರಸಿ ಕಡೆ ಆಗ ಆರಿದ್ರಾ ಮಳೆ ಹೊಯ್ಯುತ್ತಿರುತ್ತದೆ. ಹೊರಗೆ ಕಾಲಿಡುವ ಹಾಗಿಲ್ಲ. ಕರೆಂಟ್ ಇದ್ದಷ್ಟು ಹೊತ್ತು ಹುಡುಗರೆಲ್ಲ ಲ್ಯಾಪ್‌ಟಾಪ್ ಮುಂದೆ. ಆಗ ಪ್ರತಿ ವರ್ಷ ನನ್ನ ಹತ್ತಿರ ಬರುವ ಪ್ರಶ್ನೆ ಒಂದೇ. ನಮ್ಮದೇ ಪಾತ್ರ ಮಾಡಿಕೊಂಡು ಆಡುವ ಗೇಮ್ ಇದೆಯಲ್ಲ, ಅದನ್ನು ತಗೊಳ್ಳಬಹುದಾ? ಕೊಟ್ಟ ದುಡ್ಡಿಗೆ ನ್ಯಾಯ ಸಿಗುತ್ತದಾ? ಅಕ್ಕನ ಮಕ್ಕಳು ಕೇಳುತ್ತಾರೆ, ಅವರ ಗೆಳೆಯರು ಕೇಳುತ್ತಾರೆ. ಈಚೆಗೆ ಅಪ್ಪಂದಿರೂ ಕೇಳುತ್ತಾರೆ, ಯಾಕೆಂದರೆ ಕಾರ್ಡ್ ಅವರದ್ದು. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆಯುತ್ತೇನೆ.

ದೊಡ್ಡ ಗೇಮ್ ಒಂದಕ್ಕೆ ಹೆಚ್ಚುಕಮ್ಮಿ ಮೂರು ಸಾವಿರ, ಕೆಲವಕ್ಕೆ ಅದಕ್ಕೂ ಜಾಸ್ತಿ. ಕಾಲೇಜು ಹುಡುಗನಿಗೆ ಇದು ಸಣ್ಣ ದುಡ್ಡಲ್ಲ. ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮೂಗು, ಕೆನ್ನೆ, ಹುಬ್ಬನ್ನು ಆಚೀಚೆ ಎಳೆದು ತಿದ್ದುವ ಗುಂಡಿಗಳು, ಅಂದರೆ ಸ್ಲೈಡರ್ ಎಷ್ಟಿದೆ ಅಂತ ಎಣಿಸಿ ಗೇಮ್ ಕೊಳ್ಳಬೇಡಿ. ನೀವು ಮಾಡಿದ ಪಾತ್ರವನ್ನು ಆ ಗೇಮ್‌ನ ಒಳಗಿನ ಜನ ಗುರುತಿಸುತ್ತಾರಾ? ಅದನ್ನು ಕೇಳಿ. ಗುರುತಿಸಿದರೆ ಪೂರ್ತಿ ದುಡ್ಡು ಕೊಟ್ಟರೂ ಸರಿ. ಇಲ್ಲದಿದ್ದರೆ ಅರ್ಧ ದುಡ್ಡಿಗೆ ಸಿಕ್ಕರೂ ಯೋಚನೆ ಮಾಡಿ.

ಇದು ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ. ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ಕನ್ನಡಿ ಹಿಡಿದು ಕೂತು ತಮ್ಮ ಮುಖ ತಾವೇ ಬರೆದುಕೊಳ್ಳುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಗಂಟೆಗಟ್ಟಲೆ ಹಿಡಿಯುವ ಕೆಲಸ ಅದು. ಆದರೆ ಬರೀ ಚೌಕಿ ನೋಡಿಕೊಂಡು ಮನೆಗೆ ಬರುವವರು ಯಾರಿದ್ದಾರೆ? ಆ ವೇಷ ರಂಗಕ್ಕೆ ಬಂದ ಮೇಲೆ ಭಾಗವತರು ಅದಕ್ಕೆ ತಕ್ಕ ಪದ ಎತ್ತಬೇಕು, ಎದುರು ವೇಷದವರು ಮಾತಿಗೆ ಮಾತು ಕೊಡಬೇಕು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಜನ ಇವತ್ತಿಗೂ ನೆನೆಯುತ್ತಾರೆ. ಆ ಕೀಚಕ ಎದ್ದು ನಿಲ್ಲುತ್ತಿದ್ದದ್ದು ಸೈರಂಧ್ರಿಯ ಎದುರು. ಗೇಮ್‌ನಲ್ಲೂ ನಾನು ಹುಡುಕುವುದು ಆ ಎದುರು ವೇಷವನ್ನೇ.

ಬಾಲ್ಡರ್ಸ್ ಗೇಟ್ 3 ತಗೊಳ್ಳಿ. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ ಮಾಡಿದ್ದು, 2023ರ ಆಗಸ್ಟ್‌ನಲ್ಲಿ ಪಿಸಿಗೆ ಬಂತು, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ‘ಗೇಮ್ ಆಫ್ ದ ಇಯರ್’ ಪ್ರಶಸ್ತಿ ಪಡೆಯಿತು. ಇದರಲ್ಲಿ ಮುಖ ತಿದ್ದಲು ಸ್ಲೈಡರ್‌ಗಳೇ ಇಲ್ಲ. ಅವರು ಕೊಟ್ಟ ಕೆಲವು ತಲೆಗಳಲ್ಲಿ ಒಂದನ್ನು ಆರಿಸಬೇಕು, ಕೂದಲು, ಬಣ್ಣ, ಗಾಯದ ಗುರುತು ಹಾಕಿಕೊಳ್ಳಬೇಕು, ಅಷ್ಟೇ. ಇದನ್ನು ನೋಡಿ ಮೂಗು ಮುರಿದವರನ್ನು ಕಂಡಿದ್ದೇನೆ. ಆದರೆ 11 ಕುಲ, 12 ಕಸುಬು ಇಟ್ಟಿದ್ದಾರೆ, ನೀವು ಯಾವುದನ್ನು ಆರಿಸಿದಿರಿ ಅನ್ನುವುದು ಆಟದ ಉದ್ದಕ್ಕೂ ಲೆಕ್ಕಕ್ಕೆ ಬರುತ್ತದೆ. ಡ್ರೌ ಅನ್ನುವ ಕುಲದವರಾಗಿ ಹೋದರೆ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರ ಪಾಳೆಯದ ಕಾವಲುಗಾರರು ಹೆದರಿ ದಾರಿ ಬಿಡುತ್ತಾರೆ. ಬೇರೆಯವರು ಅಲ್ಲಿ ಬಣ್ಣದ ಮಾತಾಡಬೇಕು, ಇಲ್ಲವೇ ಹೊಡೆದಾಡಬೇಕು. ಹಾಡುಗಾರನಾದರೆ ಆ ಕಸುಬಿಗೇ ಬರೆದ ಮಾತುಗಳು ಬೇರೆ ಸಿಗುತ್ತವೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಹೇಳಲೇಬೇಕು. ಸತ್ತವರ ಹತ್ತಿರ ಮಾತಾಡಿಸುವ ಮಂತ್ರ ಒಂದಿದೆ. ಹೆಣದ ಮುಂದೆ ನಿಂತು ಮಂತ್ರ ಹಾಕಿದರೆ ಅದು ಎದ್ದು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಆದರೆ ಅವನನ್ನು ಕೊಂದವರು ನೀವೇ ಆಗಿದ್ದರೆ ಬಾಯಿ ಬಿಡುವುದಿಲ್ಲ. ಕೊಂದವನಿಗೆ ಯಾಕೆ ಉತ್ತರ ಕೊಡಬೇಕು, ಅಲ್ವಾ? ಆಗ ನೀವು ವೇಷ ಬದಲಿಸುವ ಇನ್ನೊಂದು ಮಂತ್ರ ಹಾಕಿ, ಬೇರೆ ರೂಪದಲ್ಲಿ ಬಂದು ಕೇಳಿದರೆ ಅದೇ ಹೆಣ ಮಾತಾಡುತ್ತದೆ! ನಿಮ್ಮ ಮುಖವನ್ನು ಅದು ನೆನಪಿಟ್ಟುಕೊಂಡಿದೆ ಅಂತ ಆಯಿತು. ಇಂಥ ಕಡೆ ಒಂದು ಸ್ಲೈಡರ್ ಇಲ್ಲದಿದ್ದರೂ ನನಗೆ ಕೊರಗಿಲ್ಲ. ಮೇಲಾಗಿ, ಮಾಡಿದ ಮುಖ ಬೇಜಾರಾದರೆ ಬದಲಿಸಲು ಬಿಡಾರದಲ್ಲಿ ಒಂದು ಮಾಯಾ ಕನ್ನಡಿ ಇದೆ. 2023ರ ಸೆಪ್ಟೆಂಬರ್‌ನ ಅಪ್‌ಡೇಟ್‌ನಲ್ಲಿ ಕೊಟ್ಟರು, ಪುಕ್ಕಟೆಯಾಗಿ.

ಇನ್ನೊಂದು ಕಡೆ ಬ್ಲ್ಯಾಕ್ ಡೆಸರ್ಟ್ ಇದೆ. ಕೊರಿಯಾದ ಗೇಮ್. ಮುಖ ತಿದ್ದುವ ಸೌಲಭ್ಯದಲ್ಲಿ ಇದನ್ನು ಮೀರಿಸುವುದು ಕಷ್ಟ, ಕೂದಲಿನ ಎಳೆಯನ್ನು ಹಿಡಿದು ಎಳೆದು ಬೇಕಾದ ಹಾಗೆ ಬಗ್ಗಿಸಬಹುದು. ಆದರೆ ಗಂಡೋ ಹೆಣ್ಣೋ ಅನ್ನುವುದು ನೀವು ಆರಿಸುವ ಕಸುಬಿಗೆ ಕಟ್ಟಿಹಾಕಿದ್ದು. ಅಷ್ಟು ಚೆಂದ ಮಾಡಿದ ಮುಖವನ್ನು ಆಟದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಸ್ಕೈರಿಮ್ ನನ್ನ ಮೆಚ್ಚಿನ ಗೇಮ್, 2011ರದ್ದು, ಆದರೂ ಒಂದು ಮಾತು ಹೇಳುತ್ತೇನೆ. ಅದರಲ್ಲಿ ಖಜೀತ್ ಅಂತ ಬೆಕ್ಕಿನ ಮುಖದ ಕುಲವಿದೆ. ಆ ಕುಲದ ವ್ಯಾಪಾರಿಗಳನ್ನು ಪಟ್ಟಣದ ಒಳಗೆ ಬಿಡುವುದಿಲ್ಲ, ಪಾಪ ಅವರು ಕೋಟೆಯ ಹೊರಗೇ ಡೇರೆ ಹಾಕಿಕೊಂಡಿರುತ್ತಾರೆ. ನೀವು ಅದೇ ಕುಲದವರಾಗಿ ಬಾಗಿಲಿಗೆ ಹೋದರೆ? ಸೀದಾ ಒಳಗೆ ಹೋಗಬಹುದು! ಕಾವಲುಗಾರ ತಡೆದು ನಿಲ್ಲಿಸಿದ್ದರೆ ಆ ಗೇಮ್ ಇನ್ನೆಷ್ಟು ಚೆನ್ನಾಗಿರುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಸೈಬರ್‌ಪಂಕ್ 2077 ಬಗ್ಗೆ ತುಂಬಾ ಜನ ಕೇಳುತ್ತಾರೆ. 2020ರ ಡಿಸೆಂಬರ್‌ನಲ್ಲಿ ಬಂದಾಗ ಅದರ ಸ್ಥಿತಿ ಹೇಗಿತ್ತೆಂದರೆ ಸೋನಿ ತನ್ನ ಅಂಗಡಿಯಿಂದಲೇ ತೆಗೆದುಹಾಕಿತ್ತು. ಈಗ ಚೆನ್ನಾಗಿದೆ, 2023ರ ದೊಡ್ಡ ಅಪ್‌ಡೇಟ್ ಆದ ಮೇಲೆ ಧೈರ್ಯವಾಗಿ ತಗೊಳ್ಳಬಹುದು. ಆದರೆ ತಗೊಳ್ಳಬೇಕಾದ್ದು ಆ ಊರಿಗೋಸ್ಕರ, ಆ ಕಥೆಗೋಸ್ಕರ. ಪಾತ್ರ ಮಾಡುವ ಆಸೆಗಲ್ಲ. ಇಡೀ ಆಟ ಪಾತ್ರದ ಕಣ್ಣಿನಿಂದಲೇ ಕಾಣುತ್ತದೆ. ನೀವು ಅಷ್ಟು ಹೊತ್ತು ಕೂತು ಮಾಡಿದ ಮುಖ ಕನ್ನಡಿಯಲ್ಲೋ, ಫೋಟೋ ಮೋಡ್‌ನಲ್ಲೋ, ಬೈಕ್ ಓಡಿಸುವಾಗಲೋ ಕಂಡರೆ ಕಂಡಿತು. ಮೂರು ಹಿನ್ನೆಲೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಆದರೆ ಶುರುವಿನ ಭಾಗ ಮುಗಿದ ಮೇಲೆ ಮೂರೂ ಒಂದೇ ದಾರಿಗೆ ಬಂದು ಸೇರುತ್ತವೆ. ಅಲ್ಲಿಂದ ಮುಂದೆ ನಡುನಡುವೆ ಬೇರೆ ಬೇರೆ ಮಾತು ಬರುತ್ತದೆ, ಅಷ್ಟೇ.

ಎಲ್ಡೆನ್ ರಿಂಗ್ ಕಥೆ ಬೇರೆ. ಕಾರವಾರದಲ್ಲಿರುವ ನನ್ನ ಚಿಕ್ಕಮ್ಮನ ಮೊಮ್ಮಗ ಅದನ್ನು ಕೊಂಡ ದಿನ ನಾನು ಅಲ್ಲೇ ಇದ್ದೆ. ಸಂಜೆ ಪೂರ್ತಿ ಮುಖ ಮಾಡುವುದರಲ್ಲೇ ಹೋಯಿತು. ಆ ಹುಡುಗನಿಗೆ ತನ್ನದೇ ಮುಖ ಬೇಕಿತ್ತು. ಹುಬ್ಬು ದಪ್ಪ ಮಾಡಿದ, ಮೂಗಿನ ತುದಿ ಇಳಿಸಿದ, ಫೋನ್‌ನಲ್ಲಿ ತನ್ನ ಫೋಟೋ ಪಕ್ಕಕ್ಕಿಟ್ಟು ದವಡೆ ಹೋಲಿಸಿದ. ಅವನ ತಮ್ಮ ಹಿಂದೆ ನಿಂತು ‘ಕಣ್ಣು ಇನ್ನೂ ಹತ್ತಿರ ತಾ’ ಅಂತ ಹೇಳುತ್ತಿದ್ದ. ಆಟ ಶುರುವಾಗಿ ಮೊದಲ ಒಳ್ಳೆಯ ಶಿರಸ್ತ್ರಾಣ ಸಿಕ್ಕಿದ್ದೇ ತಡ, ಮುಖ ಅದರ ಒಳಗೆ ಹೋಯಿತು. ಆಮೇಲೆ ಅವನು ಅದನ್ನು ತೆಗೆಯಲೇ ಇಲ್ಲ. ಆದರೂ ಆ ಗೇಮ್‌ಗೆ ಕೊಟ್ಟ ದುಡ್ಡು ದಂಡವಾಗಲಿಲ್ಲ. ಯಾಕೆಂದರೆ ಅಲ್ಲಿ ನಿಜವಾದ ಪಾತ್ರ ಹುಟ್ಟುವುದು ಹಂತ ಹಂತವಾಗಿ ಶಕ್ತಿಯನ್ನು ಎಲ್ಲಿ ಹಾಕುತ್ತೀರಿ ಅನ್ನುವುದರಲ್ಲಿ. ತೋಳಿಗಾ, ಮಂತ್ರಕ್ಕಾ, ಚುರುಕಿಗಾ? ಅವನು ಭಾರೀ ಕತ್ತಿ ಹೊತ್ತುಕೊಂಡು ಆಡಿದ, ತಮ್ಮ ದೂರ ನಿಂತು ಮಂತ್ರ ಹಾಕುತ್ತಾ ಆಡಿದ. ಇಬ್ಬರೂ ಆಡಿದ್ದು ಬೇರೆ ಬೇರೆ ಗೇಮೇನೋ ಅನ್ನುವ ಹಾಗಿತ್ತು.

ಈಗ ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ. ಪೂರ್ತಿ ಬೆಲೆ ಕೊಟ್ಟು ಕೊಂಡ ಗೇಮ್‌ನಲ್ಲಿ, ನಾವೇ ಮಾಡಿದ ಮುಖ ನಾವೇ ಬದಲಿಸಲು ಮತ್ತೆ ದುಡ್ಡು ಕೇಳುವುದು. ಕ್ಯಾಪ್‌ಕಾಮ್‌ನ ಮಾನ್ಸ್ಟರ್ ಹಂಟರ್ ವೈಲ್ಡ್ಸ್ 2025ರ ಫೆಬ್ರವರಿಯಲ್ಲಿ ಬಂತು. ಕೂದಲು, ಮೇಕಪ್ ಬದಲಿಸಲು ತೊಂದರೆಯಿಲ್ಲ. ಪೂರ್ತಿ ಮುಖ ತಿದ್ದಬೇಕೆಂದರೆ ಆಗ ಮೊದಲ ಸಲ ಮಾತ್ರ ಪುಕ್ಕಟೆ ಇತ್ತು, ಆಮೇಲೆ ವೋಚರ್ ಕೊಳ್ಳಬೇಕಿತ್ತು. ಅವರದ್ದೇ ಡ್ರಾಗನ್ಸ್ ಡಾಗ್ಮಾ 2 2024ರ ಮಾರ್ಚ್‌ನಲ್ಲಿ ಬಂದಾಗಲೂ ರೂಪ ಬದಲಿಸುವ ವಸ್ತುವನ್ನು ಅಸಲಿ ದುಡ್ಡಿಗೆ ಮಾರಲು ಇಟ್ಟಿದ್ದರು. ಆಟದ ಒಳಗೂ ಅದು ಸಿಗುತ್ತಿತ್ತು ನಿಜ. ಆದರೂ ಆಟಗಾರರು ತಿರುಗಿಬಿದ್ದರು, ತಿರುಗಿಬಿದ್ದದ್ದು ಸರಿ. ಬೇಜಾರೆಂದರೆ, ಆ ಗೇಮ್‌ನ ಪಾತ್ರ ರಚನೆಯೇ ಬಹಳ ಒಳ್ಳೆಯದು. ನಿಮ್ಮ ಪಾತ್ರದ ಗಾತ್ರದ ಮೇಲೆ ಅದು ಎಷ್ಟು ಭಾರ ಹೊರಬಲ್ಲದು ಅನ್ನುವುದು ನಿಂತಿದೆ. ನೀವು ಮಾಡಿದ ಸಂಗಡಿಗ ಬೇರೆ ಆಟಗಾರರ ಲೋಕಕ್ಕೂ ಹೋಗಿ ಬರುತ್ತಾನೆ. ಇಷ್ಟು ಚೆಂದದ ಕೆಲಸ ಮಾಡಿದವರು ಕನ್ನಡಿ ನೋಡಲು ಕಾಸು ಕೇಳಬಾರದಿತ್ತು.

ಅವರು ಮಾಡಿದ ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ಡ್ರಾಗನ್ಸ್ ಡಾಗ್ಮಾ 2 ಬರುವ ಮೊದಲೇ ಪಾತ್ರ ಮಾಡುವ ಭಾಗವನ್ನು ಮಾತ್ರ ಬೇರೆಯಾಗಿ ಪುಕ್ಕಟೆ ಕೊಟ್ಟಿದ್ದರು. ಅಲ್ಲಿ ಮಾಡಿದ ಪಾತ್ರವನ್ನು ಗೇಮ್ ಕೊಂಡ ಮೇಲೆ ಅದರೊಳಗೆ ತರಬಹುದಿತ್ತು. ಇಂಥದ್ದು ಸಿಕ್ಕಿದರೆ ಮೊದಲು ಅದನ್ನು ಇಳಿಸಿಕೊಳ್ಳಿ. ಎಷ್ಟೋ ಜನರಿಗೆ ಬೇಕಾಗಿರುವುದು ಪಾತ್ರ ಮಾಡುವ ಖುಷಿ ಮಾತ್ರ, ಅದು ದುಡ್ಡಿಲ್ಲದೆ ಅಲ್ಲೇ ಸಿಕ್ಕಿಬಿಡುತ್ತದೆ.

ಕುಮಟಾದಲ್ಲಿ ಓದುತ್ತಿರುವ ಅಕ್ಕನ ಮಗಳು ಹಾಗೆ. ಅವಳಿಗೆ ಯುದ್ಧ, ರಾಕ್ಷಸರು ಯಾವುದೂ ಬೇಡ. ಮನೆ ಕಟ್ಟಿ ಸಂಸಾರ ನಡೆಸುವ ಗೇಮ್ ದಿ ಸಿಮ್ಸ್ 4ರ ಮೂಲ ಗೇಮ್ 2022ರ ಅಕ್ಟೋಬರ್‌ನಿಂದ ಪುಕ್ಕಟೆ. ಅದರಲ್ಲಿ ತೀರಿಹೋದ ನಮ್ಮ ಅಮ್ಮನನ್ನು, ಅಂದರೆ ಅವಳ ಅಜ್ಜಿಯನ್ನು ಮಾಡಿದಳು. ಬಿಳಿ ತುರುಬು, ಕನ್ನಡಕ, ಮೂಗಿನ ಪಕ್ಕದ ಗೆರೆ. ಅಕ್ಕ ಅಡುಗೆ ಮನೆಯಿಂದ ಬಂದು ನೋಡಿ ‘ಕಿವಿ ಇನ್ನೂ ಸ್ವಲ್ಪ ದೊಡ್ಡದು ಮಾಡು’ ಅಂದಳು. ಮೈಬಣ್ಣ ಸರಿಯಾಗಿ ಕೂತಿತ್ತು. ಮೊದಲೆಲ್ಲ ಹೀಗಿರಲಿಲ್ಲ. ಹಳೆಯ ಗೇಮ್‌ಗಳಲ್ಲಿ ನಮ್ಮ ಕಂದು ಬಣ್ಣ ಆರಿಸಿದರೆ ಮುಖ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಸಿಮ್ಸ್‌ನವರು 2020ರ ಡಿಸೆಂಬರ್‌ನಲ್ಲಿ ನೂರಕ್ಕೂ ಹೆಚ್ಚು ಹೊಸ ಮೈಬಣ್ಣ ಸೇರಿಸಿದರು. ನಮ್ಮ ಮನೆಯ ಹುಡುಗಿಗೆ ತನ್ನ ಅಜ್ಜಿಯ ಬಣ್ಣ ಸಿಗುವುದು ಸಣ್ಣ ವಿಷಯ ಅಂತ ನನಗೆ ಅನಿಸುವುದಿಲ್ಲ. ಒಂದು ಎಚ್ಚರ ಇರಲಿ. ಮೂಲ ಗೇಮ್ ಪುಕ್ಕಟೆಯಾದರೂ ಅದರ ಮೇಲಿನ ಪ್ಯಾಕ್‌ಗಳಿಗೆ ದುಡ್ಡು. ಒಂದೊಂದೇ ತಗೊಳ್ಳುತ್ತಾ ಹೋದರೆ ಕೊನೆಯೇ ಇಲ್ಲ.

ಇನ್ನು ಕೊಳ್ಳುವವರಿಗೆ ಒಂದು ಮುಖ್ಯ ವಿಷಯ. ಸ್ಟೀಮ್‌ನಲ್ಲಿ ಕೊಂಡ 14 ದಿನದ ಒಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆದರೆ ಆ 2 ಗಂಟೆಯಲ್ಲಿ ಮುಖ ಮಾಡುವ ಹೊತ್ತೂ ಸೇರುತ್ತದೆ! ಒಂದೂವರೆ ಗಂಟೆ ಮೂಗು ತಿದ್ದುತ್ತಾ ಕೂತರೆ, ಗೇಮ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡುತ್ತದಾ ಅಂತ ತಿಳಿಯುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಹಾಗಾಗಿ ಕೊಂಡ ತಕ್ಷಣ ಅವರೇ ಕೊಟ್ಟ ಯಾವುದೋ ಒಂದು ಮುಖ ಆರಿಸಿ ಸೀದಾ ಒಳಗೆ ಹೋಗಿ. ಒಂದು ಗಂಟೆ ಆಡಿ. ಓಡಾಡಿ, ಜನರನ್ನು ಮಾತಾಡಿಸಿ, ಒಂದು ಜಗಳ ಮಾಡಿ. ಫ್ಯಾನ್ ಹೇಗೆ ಕೂಗುತ್ತದೆ ಕೇಳಿ. ಸರಿ ಅನಿಸಿದರೆ ಆಮೇಲೆ ಹೊಸದಾಗಿ ಶುರುಮಾಡಿ, ನಿಧಾನಕ್ಕೆ ನಿಮ್ಮ ಪಾತ್ರ ಕಟ್ಟಿಕೊಳ್ಳಿ. ಇದರಿಂದ ಇನ್ನೊಂದು ಲಾಭವಿದೆ. ಮುಖ ತಿದ್ದುವ ಪರದೆಯಲ್ಲಿ ಬೆಳಕು ಚೆನ್ನಾಗಿರುತ್ತದೆ, ಅಲ್ಲಿ ಎಲ್ಲರೂ ಚೆಂದ. ಆಟದ ಬಿಸಿಲಲ್ಲಿ, ಕತ್ತಲಲ್ಲಿ ಮುಖ ಹೇಗೆ ಕಾಣುತ್ತದೆ ಅಂತ ಆ ಒಂದು ಗಂಟೆಯಲ್ಲಿ ಗೊತ್ತಾಗಿರುತ್ತದೆ. ಪ್ಲೇಸ್ಟೇಷನ್ ಸ್ಟೋರ್‌ನ ನಿಯಮ ಇಷ್ಟು ಸಡಿಲ ಇಲ್ಲ, ಡೌನ್‌ಲೋಡ್ ಶುರುವಾದರೆ ವಾಪಸ್ ಕಷ್ಟ. ಹಾಗಾಗಿ ಪಿಎಸ್‌ ಇರುವವರು ಡಿಸ್ಕ್ ತಗೊಳ್ಳುವುದು ಒಳ್ಳೆಯದು, ಮುಗಿದ ಮೇಲೆ ಮಾರಬಹುದು.

ಡೌನ್‌ಲೋಡ್ ಅಂದರೆ ನಮ್ಮ ಕಡೆ ಅದೇ ಒಂದು ದೊಡ್ಡ ಕೆಲಸ. ಬಾಲ್ಡರ್ಸ್ ಗೇಟ್ 3ಕ್ಕೆ ಸುಮಾರು 150 ಜಿಬಿ ಜಾಗ ಬೇಕು, ಎಸ್‌ಎಸ್‌ಡಿ, ಅಂದರೆ ವೇಗದ ಡಿಸ್ಕ್ ಇರಬೇಕು. ಯಲ್ಲಾಪುರ, ಸಿದ್ದಾಪುರದ ಒಳ ಊರುಗಳಲ್ಲಿ ಮಳೆಗಾಲದ ನೆಟ್ ನಂಬಿ ಕೂತರೆ ದಿನಗಟ್ಟಲೆ ಹೋಗುತ್ತದೆ. ಪೇಟೆಯಲ್ಲಿ ಫೈಬರ್ ಇರುವವರ ಮನೆಯಲ್ಲಿ ನಿಮ್ಮ ಸ್ಟೀಮ್ ಖಾತೆಯಿಂದ ಇಳಿಸಿ, ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್ ಮಾಡಿಕೊಂಡು ಬನ್ನಿ. ಸ್ಟೀಮ್‌ನಲ್ಲೇ ಆ ಸೌಲಭ್ಯ ಇದೆ.

ದುಡ್ಡು ಕಮ್ಮಿ ಇದ್ದವರಿಗೆ ನಾನು ಮೊದಲು ಹೇಳುವ ಹೆಸರು ಮಾಸ್ ಎಫೆಕ್ಟ್ ಲೆಜೆಂಡರಿ ಎಡಿಷನ್. 2007, 2010, 2012ರ ಮೂರು ಗೇಮ್‌ಗಳನ್ನು 2021ರಲ್ಲಿ ಒಟ್ಟಿಗೆ ಕಟ್ಟಿ ಕೊಟ್ಟಿದ್ದಾರೆ, ಸೇಲ್‌ನಲ್ಲಿ ಬೆಲೆ ಚೆನ್ನಾಗಿ ಇಳಿಯುತ್ತದೆ. ಗಂಡಾಗಲಿ ಹೆಣ್ಣಾಗಲಿ, ನೀವು ಮಾಡಿದ ಕಥಾನಾಯಕ ಶೆಪರ್ಡ್ ಮೂರು ಗೇಮ್‌ನಲ್ಲೂ ಅದೇ ಮುಖ ಹೊತ್ತು ನಡೆಯುತ್ತಾನೆ. ಮೊದಲನೆಯದರಲ್ಲಿ ನಿಮ್ಮ ತೀರ್ಮಾನದಿಂದ ಸತ್ತ ಸಂಗಡಿಗ ಮೂರನೆಯದರಲ್ಲಿ ಇರುವುದಿಲ್ಲ, ಉಳಿಸಿದವರು ಬಂದು ಮಾತಾಡಿಸುತ್ತಾರೆ. ಈ ಸಲದ ಸೇಲ್‌ಗೆ ಒಂದೇ ಗೇಮ್ ಕೊಳ್ಳುವಷ್ಟು ದುಡ್ಡಿದ್ದು, ಲ್ಯಾಪ್‌ಟಾಪ್ ಸ್ವಲ್ಪ ಹಳೆಯದಾಗಿದ್ದರೆ ಇದನ್ನೇ ತಗೊಳ್ಳಿ. ಹೊಸ ಲ್ಯಾಪ್‌ಟಾಪ್ ಇದ್ದವರು ಬಾಲ್ಡರ್ಸ್ ಗೇಟ್ 3ಕ್ಕೆ ಹೋಗಿ. ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಎರಡರ ಬ್ಯಾಕಪ್ಪೂ ಇದೆ. ಕೊಂಡುಕೊಂಡ ಶಿರಸಿಯ ಹುಡುಗರು ಬಂದು ಕಾಪಿ ಮಾಡಿಕೊಳ್ಳಬಹುದು, 150 ಜಿಬಿ ಇಳಿಸುವ ತಾಪತ್ರಯ ತಪ್ಪುತ್ತದೆ.