ಕಡಲಿಗೆ ಹೋಗಿ ಗುಡ್ಡ ಹತ್ತಿದ್ದು

ಶಿವಮೊಗ್ಗದ ಕಡೆಯವರಾದ ನಮಗೆ ರಜೆ ಎಂದರೆ ಘಟ್ಟ ಇಳಿಯುವುದೆಂದೇ ಅರ್ಥ. ಕಾಡು, ಗುಡ್ಡ, ಅಬ್ಬಿಗಳನ್ನು ನೋಡಲು ಬೆಂಗಳೂರಿನವರು ನಮ್ಮೂರ ದಾರಿ ಹಿಡಿಯುವ ಹೊತ್ತಿಗೆ ಸರಿಯಾಗಿ ನಾವು ಮನೆಗೆ ಬೀಗ ಹಾಕಿ ಮರವಂತೆಗೋ ಮುರುಡೇಶ್ವರಕ್ಕೋ ಹೊರಟುಬಿಟ್ಟಿರುತ್ತೇವೆ. ಈ ಸಲ ದೀಪಾವಳಿ ಕಳೆದ ಮೇಲೆ ಮರವಂತೆಯಲ್ಲಿ ನಾಲ್ಕು ದಿನ ಇರುವುದೆಂದು ನಿಶ್ಚಯವಾಗಿ, ಎರಡು ದಿನ ಕಡಲಿನ ಮುಂದೆ ಕುಳಿತದ್ದೂ ಆಯಿತು. ಕಡಲು ಚೆಂದವೇ, ಅದರಲ್ಲಿ ತಕರಾರಿಲ್ಲ. ಆದರೆ ಏರಿನಲ್ಲೂ ಇಳಿಜಾರಿನಲ್ಲೂ ಬೆಳೆದ ಕಾಲುಗಳಿಗೆ ಸಪಾಟು ಮರಳಿನ ಮೇಲೆ ಏನು ಮಾಡಬೇಕೆಂದು ತೋಚುವುದಿಲ್ಲ. ಒಂದು ಮೈಲಿ ನಡೆದು ಹಿಂತಿರುಗಿ ನೋಡಿದರೆ ಹೊರಟ ಜಾಗ ಹಾಗೆಯೇ ಕಾಣುತ್ತಿರುತ್ತದೆ, ನಡೆದದ್ದಕ್ಕೆ ಲೆಕ್ಕವೇ ಸಿಗುವುದಿಲ್ಲ.

ಮರವಂತೆಯ ವಿಶೇಷ ಎಲ್ಲರಿಗೂ ಗೊತ್ತಿರುವುದೇ: ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ. ನಮಗೆ ಸಿಕ್ಕಿದ ಕೋಣೆಯ ಕಿಟಕಿ ದುಬಾರಿಯದಲ್ಲದ ಕಾರಣ ಹೊಳೆಯ ಕಡೆಗಿತ್ತು. ಎರಡನೆಯ ದಿನ ಸಂಜೆ ಆ ಕಿಟಕಿಯಲ್ಲಿ ನಿಂತು, ಪೂರ್ವ ದಿಕ್ಕಿನಲ್ಲಿ ನೀಲಿಯಾಗಿ ಮಲಗಿದ್ದ ಘಟ್ಟದ ಸಾಲನ್ನು ನೋಡುತ್ತಿದ್ದಾಗ ಭಾವನವರು, "ಈ ನೀರು ನಮ್ಮ ಕೊಡಚಾದ್ರಿಯಿಂದ ಬಂದದ್ದಲ್ಲವೇ?" ಎಂದರು. 'ನಮ್ಮ' ಎಂಬ ಆ ಒಂದು ಮಾತು ಸಾಕಾಯಿತು. ಹೊಸನಗರ ತಾಲ್ಲೂಕಿನ ಗುಡ್ಡ ನಮ್ಮದಲ್ಲದೆ ಇನ್ನಾರದು? ಮರುದಿನ ಹತ್ತುವುದೆಂದು ತೀರ್ಮಾನವಾಯಿತು. "ಗುಡ್ಡ ಹತ್ತುವುದಕ್ಕೆ ಮನೆಯಲ್ಲೇ ಇರಬಹುದಿತ್ತಲ್ಲ, ಇಷ್ಟು ದೂರ ಬಂದು ಮತ್ತೆ ನಮ್ಮ ಜಿಲ್ಲೆಗೇ ಹೋಗುತ್ತೀರಾ?" ಎಂದು ನನ್ನ ಹೆಂಡತಿ ಕೇಳಿದ ಪ್ರಶ್ನೆಗೆ ನಮ್ಮಿಬ್ಬರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಕೊಡಚಾದ್ರಿಯ ಎತ್ತರ ಸಮುದ್ರ ಮಟ್ಟದಿಂದ 1343 ಮೀಟರ್ ಎಂದು ಶಾಲೆಯಲ್ಲಿ ಓದಿದ್ದೆನಾದರೂ, ಆ 'ಸಮುದ್ರ ಮಟ್ಟ' ಎಂಬುದು ನಿಜವಾಗಿ ಒಂದು ಜಾಗವೆಂದೂ, ಅಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಹೊರಡಬಹುದೆಂದೂ ಹೊಳೆದದ್ದು ಅಂದೇ. ಶಿವಮೊಗ್ಗದಿಂದ ಹೊರಟವನು ಆಗಲೇ ಸುಮಾರು 570 ಮೀಟರ್ ಮೇಲೆ ಇರುತ್ತಾನೆ. ಅವನಿಗೆ ಅಷ್ಟು ರಿಯಾಯಿತಿ. ನಾವು ಮಾತ್ರ ಪೂರ್ತಿ ಬೆಲೆ ತೆತ್ತು ಹತ್ತುವವರೆಂದು ಭಾವನವರು ಬೀಗುತ್ತಿದ್ದರು. ಆ ಬೆಲೆಯಲ್ಲಿ ದೊಡ್ಡ ಪಾಲನ್ನು ತೆತ್ತದ್ದು ಬಸ್ಸು ಎಂಬುದನ್ನು ನಾನು ನೆನಪಿಸಲು ಹೋಗಲಿಲ್ಲ. ನಸುಕಿನಲ್ಲೇ ಹೊರಟು, ಕೊಲ್ಲೂರಿನಲ್ಲಿ ಬಸ್ಸು ಬದಲಿಸಿ, ಘಟ್ಟ ಹತ್ತಿ ನಾಗೋಡಿ ದಾಟಿ ಇಳಿದಾಗ ಮೂಗಿಗೆ ಮೊದಲು ತಾಗಿದ್ದು ಬೇಯುತ್ತಿದ್ದ ಅಡಿಕೆಯ ವಾಸನೆ. ಎರಡೇ ದಿನ ಬಿಟ್ಟು ಬಂದ ಊರಿಗೆ ಎರಡು ವರ್ಷದ ಮೇಲೆ ಮರಳಿದಂತಾಯಿತು.

ಗುಡ್ಡದ ಬುಡದ ತೋಟದ ಮನೆಯೊಂದರಲ್ಲಿ ದಾರಿ ಕೇಳಲು ನಿಂತೆವು. ಅಂಗಳದ ತುದಿಯಲ್ಲಿ ನಾಲ್ಕೈದು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು, ಮಾತು ನಿಲ್ಲಿಸದೆ, ಕೈಯ ಕಡೆ ನೋಡದೆ ಹಸಿ ಅಡಿಕೆ ಸುಲಿಯುತ್ತಿದ್ದರು. ಮನೆಯ ಯಜಮಾನರು ದಾರಿ ಹೇಳುವುದಕ್ಕೆ ಮೊದಲು "ಆಸರಿಗೆ ಎಂತ ಬೇಕು?" ಎಂದು ಕೇಳಿ, ಬೆಲ್ಲ ಮತ್ತು ನೀರು ತರಿಸಿ, ನಾವು ಯಾವ ಊರಿನವರು, ಯಾರ ಮನೆಯವರು, ಎಲ್ಲಿಂದ ಹೆಣ್ಣು ತಂದವರು ಎಂದೆಲ್ಲ ವಿಚಾರಿಸಿದರು. ಮಲೆನಾಡಿನಲ್ಲಿ ಈ ವಿಚಾರಣೆಯನ್ನು ದಾಟದೆ ಯಾವ ದಾರಿಯೂ ತೆರೆದುಕೊಳ್ಳುವುದಿಲ್ಲ. ಕಾಲು ಗಂಟೆಯಲ್ಲಿ ನಮ್ಮ ಚಿಕ್ಕಮ್ಮನ ನಾದಿನಿಯ ಮೂಲಕ ಒಂದು ಸಂಬಂಧವೂ ಸಿಕ್ಕಿತು. ಅನಂತರ ಅವರು ಗುಡ್ಡದ ನೆತ್ತಿಯ ಕಡೆಗೆ ಕೈ ತೋರಿಸಿ, "ಇಲ್ಲೇ, ಒಂದು ಕೂಗಳತೆ" ಎಂದರು. ಅವರ ಕೂಗು ಎಂಥದ್ದೋ ನಾನರಿಯೆ. ನಮಗದು ಮೂರೂವರೆ ಗಂಟೆಯ ಹಾದಿಯಾಯಿತು.

ಅರಣ್ಯ ಇಲಾಖೆಯ ಗೇಟಿನಲ್ಲಿ ಚೀಟಿ ಮಾಡಿಸಿ ಕಾಡು ಹೊಕ್ಕ ಮೇಲೆ ಮಾತು ತಾನಾಗಿ ಕಡಿಮೆಯಾಯಿತು. ಮಳೆಗಾಲ ಮುಗಿದಿದ್ದರೂ ಸರಲುಗಳಲ್ಲಿ ನೀರಿತ್ತು, ನೆರಳಿದ್ದಲ್ಲೆಲ್ಲ ರಕ್ತ ಹೀರುವ ಇಂಬಳವಿತ್ತು. ಭಾವನವರು ಉಪ್ಪಿನ ಪೊಟ್ಟಣವನ್ನು ಕಿಸೆಯಲ್ಲೇ ಇಟ್ಟುಕೊಂಡು, ಐದು ನಿಮಿಷಕ್ಕೊಮ್ಮೆ ನಿಂತು ಕಾಲು ತಡವಿಕೊಳ್ಳುತ್ತಿದ್ದರು. ಕುಟಜಾದ್ರಿ ಎಂಬ ಹಳೆಯ ಹೆಸರು ಬಂದದ್ದು ಕುಟಜದಿಂದ, ಅಂದರೆ ನಮ್ಮ ಕೊಡಸಿಗೆ ಗಿಡದಿಂದ ಎನ್ನುತ್ತಾರೆ. ಹೊಟ್ಟೆ ಕೆಟ್ಟಾಗ ಅಮ್ಮ ಒಣಗಿಸಿಟ್ಟ ಕೊಡಸಿಗೆ ಹೂವನ್ನು ಡಬ್ಬಿಯಿಂದ ತೆಗೆದು, ತುಪ್ಪದಲ್ಲಿ ಹುರಿದು ತಂಬುಳಿ ಮಾಡುತ್ತಿದ್ದಳು. ಆ ಕಹಿ ಡಬ್ಬಿಗೂ ಇಷ್ಟು ದೊಡ್ಡ ಗುಡ್ಡಕ್ಕೂ ಒಂದೇ ಹೆಸರೆಂದು ನೆನೆದಾಗ, ಅಂದು ಮುಖ ಕಿವುಚಿಕೊಂಡು ಉಂಡದ್ದಕ್ಕೆ ಕೊಂಚ ನಾಚಿಕೆಯಾಯಿತು.

ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ಮೂಲ ಮೂಕಾಂಬಿಕೆಯ ಗುಡಿಯ ಎದುರು, ದೇವಿ ಮೂಕಾಸುರನನ್ನು ಕೊಂದ ತ್ರಿಶೂಲವೆಂದು ಜನ ಕೈಮುಗಿಯುವ ಎತ್ತರದ ಕಬ್ಬಿಣದ ಕಂಬ ಅಷ್ಟೊಂದು ಮಳೆಯನ್ನು ಕುಡಿದೂ ನಿಂತಿದೆ. ನಮ್ಮ ಮನೆಯ ಗೇಟು ಮಾತ್ರ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯಿತು. ಜೀಪಿನಲ್ಲಿ ಬಂದವರೂ ನಡೆದು ಬಂದವರೂ ಅಲ್ಲಿಂದ ಮುಂದೆ ಒಂದೇ. ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ಹೇಳುವ ಸರ್ವಜ್ಞ ಪೀಠದ ಪುಟ್ಟ ಕಲ್ಲಿನ ಮಂಟಪದವರೆಗೆ ಎಲ್ಲರೂ ಏದುಸಿರು ಬಿಡುತ್ತಲೇ ಹತ್ತಬೇಕು.

ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಕಡಲು ಕಾಣುತ್ತದೆ. ಪಡುವಣ ದಿಕ್ಕಿನಲ್ಲಿ, ಕಾಡಿನ ಹಸಿರು ಮುಗಿದ ಮೇಲೆ, ಒಂದು ಬಿಳಿಯ ಗೆರೆಯೇನೋ ಇತ್ತು. ಭಾವನವರು ಅದು ಕಡಲೆಂದರು, ನಾನು ಮಂಜೆಂದೆ. ವಾದ ಬಗೆಹರಿಯದೆ ಮನೆಯವಳಿಗೆ ಫೋನು ಮಾಡಿದೆವು. "ನಾವು ಕಡಲಿನ ಮುಂದೆಯೇ ಕುಳಿತಿದ್ದೇವೆ, ಇಲ್ಲಿಂದ ನೀವೂ ಕಾಣುತ್ತಿಲ್ಲ, ನಿಮ್ಮ ಗುಡ್ಡವೂ ಕಾಣುತ್ತಿಲ್ಲ" ಎಂದಳು. ಎರಡು ದಿನ ಕಡಲಿನ ಎದುರು ಕುಳಿತು ಗುಡ್ಡವನ್ನು ನೆನೆದವನು, ಈಗ ಗುಡ್ಡದ ತುದಿಯಲ್ಲಿ ನಿಂತು ಕಣ್ಣು ಕಿರಿದು ಮಾಡಿ ಕಡಲನ್ನು ಹುಡುಕುತ್ತಿದ್ದೆ. ಕಡಲಿರಲಿ, ಹೊಳೆಯ ಮೂಲವನ್ನಾದರೂ ನೋಡಿದಿರಾ ಎಂದು ಯಾರಾದರೂ ಕೇಳಿದರೆ, ದಾಟಿ ಬಂದ ಸರಲುಗಳಲ್ಲಿ ಯಾವುದು ಸೌಪರ್ಣಿಕೆಗೆ ಸೇರುವುದೋ ತಿಳಿಯದೆ ಎಲ್ಲದರಲ್ಲೂ ಮುಖ ತೊಳೆದುಕೊಂಡೆವು ಎಂದಷ್ಟೇ ಹೇಳಬಲ್ಲೆ.

ಇಳಿಯುವಾಗ ಕೊಲ್ಲೂರಿನ ಜೀಪಿಗೆ ಶರಣಾದೆವು. ಹತ್ತುವಾಗ ನೋಯದ ಮೈಯೆಲ್ಲ ಆ ದಾರಿಯಲ್ಲಿ ಕುಳಿತು ಇಳಿಯುವಾಗ ನೊಂದಿತು. ಮರವಂತೆಗೆ ಮುಟ್ಟುವಾಗ ಕತ್ತಲಾಗಿತ್ತು. ಕೋಣೆಯ ಜಗಲಿಯಲ್ಲಿ ಬೂಟು ಕಳಚಿದರೆ, ಕಾಲುಚೀಲದ ಒಳಗೆ ಹೊಟ್ಟೆ ತುಂಬಿದ ಒಂದು ಇಂಬಳ. ಭಾವನವರು ಅಭ್ಯಾಸಬಲದಿಂದ ಉಪ್ಪಿನ ಪೊಟ್ಟಣಕ್ಕೆ ಕೈ ಹಾಕಿದರು. ಘಟ್ಟ ಇಳಿದು ಕಡಲು ನೋಡಲು ಬಂದದ್ದನ್ನು ಹಾಗೆ ಕೊಲ್ಲಲು ನನಗೆ ಮನಸ್ಸಾಗಲಿಲ್ಲ. ಅದನ್ನು ಒಂದು ಹಲಸಿನ ಎಲೆಯ ಮೇಲಿಟ್ಟುಕೊಂಡು ಹೊಳೆಯ ಕಡೆಗೆ ನಡೆದೆ. ದಡದಲ್ಲಿ ದೋಣಿ ಕಟ್ಟುತ್ತಿದ್ದವರೊಬ್ಬರು ಏನೆಂದು ವಿಚಾರಿಸಿ, ಈಗ ಭರತದ ಹೊತ್ತು, ಹೊಳೆಯ ನೀರೂ ಉಪ್ಪೇ ಎಂದರು. ಕಡೆಗೆ ಅದನ್ನು ಒಂದು ತೆಂಗಿನ ಮರದ ಬುಡದ ತೇವದಲ್ಲಿ ಬಿಟ್ಟು ಬಂದೆ.