ಕಾಣದ ಮೂಗುದಾರ

ಗೋಡೆಯ ಮೇಲೆ ಸಾಲು ಹಿಡಿದು ಹೊರಟ ಇರುವೆಗಳ ದಾರಿಗೆ ಅಡ್ಡಲಾಗಿ ಒದ್ದೆ ಬೆರಳೊಂದನ್ನು ಎಳೆದು ನೋಡಿ. ಗೆರೆಯ ಹತ್ತಿರ ಬಂದ ಇರುವೆ ಗಕ್ಕನೆ ನಿಂತು, ಕುಡಿಮೀಸೆ ಆಡಿಸಿ, ಅತ್ತ ಹೋಗಿ ಇತ್ತ ಬಂದು, ಹಿಂದೆ ಬರುವವರಿಗೆಲ್ಲ ಢಿಕ್ಕಿ ಹೊಡೆಯುತ್ತದೆ. ನಾವು ಒರೆಸಿದ್ದು ಬರೀ ವಾಸನೆ. ಅವುಗಳ ಪಾಲಿಗೆ ರಸ್ತೆಯೇ ಕಿತ್ತುಹೋಗಿದೆ.

ಒಂದು ಪ್ರಾಣಿ ಹೊರಬಿಟ್ಟು, ತನ್ನದೇ ಜಾತಿಯ ಇನ್ನೊಂದನ್ನು ಕುಣಿಸುವ ಇಂಥ ರಾಸಾಯನಿಕಕ್ಕೆ ಫೆರೊಮೋನ್ ಎಂದು ಹೆಸರಿಟ್ಟದ್ದು 1959ರಲ್ಲಿ. ಅದೇ ವರ್ಷ ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬ್ಯುಟೆನಾಂಟ್ ಸುಮಾರು 5 ಲಕ್ಷ ರೇಷ್ಮೆ ಪತಂಗಗಳನ್ನು ಬಳಸಿ, ಹೆಣ್ಣು ಗಂಡನ್ನು ಕರೆಯುವ ವಾಸನೆ ಯಾವುದೆಂದು ಪತ್ತೆ ಮಾಡಿದರು. ಹೆಣ್ಣು ಕೂತಲ್ಲೇ ಕೂತಿರುತ್ತದೆ. ಗಂಡೇ ರೆಕ್ಕೆ ಪಟಪಟಿಸುತ್ತಾ ಓಡಿ ಬರಬೇಕು.

ಜೇನುನೊಣ ಕುಟುಕಿದ ಜಾಗದಲ್ಲಿ ಉಳಿಯುವ ವಾಸನೆ ನಮ್ಮ ಮೂಗಿಗೆ ಬಾಳೆಹಣ್ಣಿನಂತೆ. ಉಳಿದ ನೊಣಗಳಿಗೆ ಅದು 'ಇಲ್ಲೇ ಕುಟುಕಿ' ಎಂಬ ಅಪ್ಪಣೆ. ಮಾತಾದರೆ ಎದುರಾಡಬಹುದು, ಕೇಳಿಸಲಿಲ್ಲವೆಂದು ಜಾರಿಕೊಳ್ಳಬಹುದು. ವಾಸನೆಯ ಹತ್ತಿರ ಆ ಆಟ ನಡೆಯುವುದಿಲ್ಲ.

ಅಮೆರಿಕದ ಜೀವವಿಜ್ಞಾನಿ ಇ. ಒ. ವಿಲ್ಸನ್ ಇರುವೆಗಳ ಮೇಲೆ ಮಾಡಿದ ಪ್ರಯೋಗ ನೆನೆದರೆ ನನಗೆ ನಗುವೂ ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ. ಸತ್ತ ಇರುವೆ ಕೊಳೆಯುವಾಗ ಓಲಿಯಿಕ್ ಆಮ್ಲ ಹುಟ್ಟುತ್ತದೆ. ಅದರ ವಾಸನೆ ಹಿಡಿದೇ ಗೂಡಿನವರು ಹೆಣ ಸಾಗಿಸುವುದು. ಅದನ್ನು ಗಟ್ಟಿಮುಟ್ಟಾಗಿ ಓಡಾಡುತ್ತಿದ್ದ ಇರುವೆಗೆ ಸವರಿದರೆ? ಬಂಧುಬಳಗವೇ ಎತ್ತಿಕೊಂಡು ಹೋಗಿ ಕಸದ ಗುಡ್ಡೆಗೆ ಹಾಕಿತು. ಅದು ಕಾಲು ಬಡಿದುಕೊಂಡರೂ ಕೇಳುವವರಿಲ್ಲ. ಮೈ ಉಜ್ಜಿಕೊಂಡು ಶುದ್ಧವಾಗುವವರೆಗೂ ಅದು ಸತ್ತವರ ಲೆಕ್ಕಕ್ಕೇ.

ಇಷ್ಟು ಕಣ್ಣುಮುಚ್ಚಿ ನಂಬುವವರಿದ್ದ ಮೇಲೆ ಮೋಸಗಾರರು ಹುಟ್ಟದೇ ಇರುತ್ತಾರೆಯೇ! ಬೋಲಾಸ್ ಎಂಬ ಜೇಡ ಬಲೆ ನೇಯುವ ಗೋಜಿಗೇ ಹೋಗದೆ, ಹೆಣ್ಣು ಪತಂಗದ ವಾಸನೆ ಬಿಡುತ್ತಾ ಕೂರುತ್ತದೆ. ಮದುವೆಯ ಆಸೆಯಿಂದ ಹಾರಿಬಂದ ಗಂಡಿನತ್ತ ಅಂಟಿನ ಗುಂಡು ಕಟ್ಟಿದ ಎಳೆಯನ್ನು ಬೀಸಿದರೆ ಊಟ ಸಿದ್ಧ.

ಇನ್ನೊಂದು ತಮಾಷೆ: ಬೆದೆಗೆ ಬಂದ ಏಷ್ಯಾದ ಹೆಣ್ಣಾನೆಯ ಮೂತ್ರದಲ್ಲಿರುವ ಫೆರೊಮೋನ್ ಎಷ್ಟೋ ಜಾತಿಯ ಹೆಣ್ಣು ಪತಂಗಗಳಲ್ಲೂ ಉಂಟು. ಹಾಗೆಂದು ಗಂಡಾನೆ ಪತಂಗದ ಬೆನ್ನು ಹತ್ತುವುದಿಲ್ಲ. ಅಷ್ಟು ಚೂರು ವಾಸನೆ ಅದರ ಸೊಂಡಿಲಿಗೆ ಎಲ್ಲಿ ಸಾಕು? ಗಂಡು ಪತಂಗವೂ ಆನೆಗೆ ಮರುಳಾಗುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಒಂದೇ ಅಣು ಸಾಲದು, ಹಲವು ಅಣುಗಳು ಸರಿಯಾದ ಹದದಲ್ಲಿ ಬೆರೆತಿರಬೇಕು.